ಗಿಡ್ಡಮ್ಮ ಕೂತು ನೋಡಿ ಒಪ್ಪಿದ ಬೈಕು

ಮಲ್ಲಂದೂರು ಕಡೆಯ ಒಂದು ಎಸ್ಟೇಟು ಗಿಡ್ಡಮ್ಮನಿಗೆ ಕೊಡಬೇಕಾದ ಗ್ರ್ಯಾಚುಟಿಯನ್ನು ಇನ್ನೂ ಕೊಟ್ಟಿಲ್ಲ. ಮದುವೆಯಾಗಿ ಬಂದಾಗಿನಿಂದ ಸೊಂಟ ಸೋಲುವವರೆಗೂ ಅಲ್ಲಿ ಕಾಫಿ ಹಣ್ಣು ಕೊಯ್ದವಳು ಅವಳು. ವರ್ಷವೂ ಕೊಯ್ಲು ಮುಗಿದ ಮೇಲೆ ಹೆಸರು ಹೊಡೆದುಹಾಕಿ, ಮಳೆ ಬಿಟ್ಟ ಮೇಲೆ ಹೊಸಬಳು ಅಂತ ಬರೆದುಕೊಳ್ಳುತ್ತಿದ್ದರು. ಹಾಗಾಗಿ ಅವಳ ಸರ್ವೀಸೇ ಇಲ್ಲ ಅನ್ನುವುದು ಅವರ ವಾದ. ಗಂಡ ಭೂತಯ್ಯ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಪರ್ಮನೆಂಟು, ಅವನದು ಬಂತು. ಕೇಸು ನಡೆಯುತ್ತಿದೆ, ಬಿಡುವ ಪೈಕಿ ನಾವು ಯೂನಿಯನ್ನಿನವರಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ಅವರಿಬ್ಬರೂ ಬೈಕು ಕೊಂಡ ಕಥೆ. ಬಾಕಿ ಬರುವ ತನಕ ಮುಖ ಸಣ್ಣ ಮಾಡಿಕೊಂಡು ಕೂತಿರಬೇಕು ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ.

ಎಸ್ಟೇಟಿನ ಲೈನ್ ಮನೆ ಬಿಟ್ಟ ಮೇಲೆ ಅವರು ಚಿಕ್ಕಮಗಳೂರಿನ ಉಪ್ಪಳ್ಳಿಯಲ್ಲಿ ಬಾಡಿಗೆಗೆ ಇದ್ದಾರೆ. ಭೂತಯ್ಯ ಶಾಲೆಯ ವ್ಯಾನು ಓಡಿಸುತ್ತಾನೆ. ಗಿಡ್ಡಮ್ಮ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೂತು ಕಾಫಿ ಬೀಜ ಆರಿಸುತ್ತಾಳೆ. ಇಷ್ಟು ವರ್ಷ ಪೇಟೆಯ ಪಕ್ಕದಲ್ಲೇ ಬದುಕಿದರೂ ಅವಳಿಗೆ ಗೊತ್ತಿದ್ದದ್ದು ಬಸ್‌ಸ್ಟ್ಯಾಂಡು, ದೊಡ್ಡಾಸ್ಪತ್ರೆ ಮತ್ತು ನಾವು ಧರಣಿ ಕೂರುವ ಜಾಗ. ಸಂಜೆ ಹೊತ್ತು ಇಬ್ಬರೂ ಬೈಕಿನಲ್ಲಿ ಪೇಟೆ ಸುತ್ತಬೇಕು, ಕೋಟೆ ಕೆರೆ ದಂಡೆಗೆ ಹೋಗಬೇಕು, ಎಲ್ಲಾದರೂ ನಿಲ್ಲಿಸಿ ಮಸಾಲೆ ದೋಸೆ ತಿನ್ನಬೇಕು ಅಂತ ಭೂತಯ್ಯನಿಗೆ ಆಸೆ. ಗಿಡ್ಡಮ್ಮ ಒಂದೇ ಷರತ್ತು ಹಾಕಿದಳು.

“ಸೊಂಟ ಒಪ್ಪಿದ್ರೆ ಬರ್ತೀನಿ. ಒಪ್ಪಲಿಲ್ಲ ಅಂದ್ರೆ ನೀನೊಬ್ನೇ ತಿರುಗು.”

ಸೆಕೆಂಡ್‌ಹ್ಯಾಂಡ್ ಬೈಕು ಮಾರುವ ವಸೀಮನ ಗ್ಯಾರೇಜಿಗೆ ಭೂತಯ್ಯ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿ ಅವನು ಮಾಡಿದ್ದು ನಮ್ಮ ಕಡೆಯವರು ಮಾಡುವ ಕೆಲಸವನ್ನೇ. ತೋಟದ ಕಡೆ ಬೈಕು ಕೊಳ್ಳುವವನು ಬಣ್ಣ ನೋಡುವುದಿಲ್ಲ, ಮೈಲೇಜು ಕೇಳುವುದಿಲ್ಲ. ಹಿಂದಿನ ಸೀಟಿಗೆ ಪಾರ್ಚ್‌ಮೆಂಟ್ ಕಾಫಿಯ ಚೀಲ ಕಟ್ಟಿ ಏರು ಹತ್ತಿಸುತ್ತಾನೆ. ಹತ್ತಿದರೆ ಗಾಡಿ, ಇಲ್ಲದಿದ್ದರೆ ಗುಜರಿ. ಪಾರ್ಚ್‌ಮೆಂಟ್ ಸಿಗದೆ ಭೂತಯ್ಯ ಪಕ್ಕದ ಅಂಗಡಿಯ ಅಕ್ಕಿ ಮೂಟೆ ಕಟ್ಟಿಕೊಂಡು, ಇದ್ದುದರಲ್ಲೇ ದೊಡ್ಡದಾದ ಐನೂರು ಸಿಸಿ ಗಾಡಿಯನ್ನು ಗುಡ್ಡದ ದಾರಿಯ ಕೈಮರದವರೆಗೆ ಓಡಿಸಿದ. ಹುಲಿ ಹತ್ತಿದ ಹಾಗೆ ಹತ್ತಿತು. ಗೆದ್ದವನ ಮುಖ ಹೊತ್ತು ವಾಪಸು ಬಂದ.

“ಭೂತಣ್ಣ, ನೀವು ಗುಡ್ಡಕ್ಕೆ ಹೋಗೋದು ವರ್ಷಕ್ಕೆ ಎಷ್ಟು ಸಲ?” ಅಂತ ವಸೀಮ ಕೇಳಿದ.

“ಹೋಗಲ್ಲ ಮಾರಾಯ. ಆದ್ರೆ ಗಾಡಿಗೆ ತಾಕತ್ತು ಇರ್ಬೇಕಲ್ಲ.”

ವಸೀಮ ವ್ಯಾಪಾರಸ್ಥ. ಮನೆಗೆ ಒಯ್ದು ಒಂದು ದಿನ ಓಡಿಸಿ ನೋಡಿ ಅಂತ ಕೀ ಕೊಟ್ಟ.

ಮಾರನೆಯ ಸಂಜೆ ಗಿಡ್ಡಮ್ಮ ಒಳ್ಳೆಯ ಸೀರೆ ಉಟ್ಟು, ಎಲ್ಲ ಹೆಂಗಸರ ಹಾಗೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತಳು. ಹನುಮಂತಪ್ಪ ಸರ್ಕಲ್ ದಾಟಿ ಎಂ.ಜಿ. ರೋಡಿಗೆ ಬರುವಷ್ಟರಲ್ಲಿ ಕಥೆ ಮುಗಿಯಿತು. ಹೆಜ್ಜೆಗೊಂದು ಆಟೋ, ಹೆಜ್ಜೆಗೊಂದು ಬ್ರೇಕು. ಕ್ಲಚ್ ಹಿಡಿದೂ ಹಿಡಿದೂ ಭೂತಯ್ಯನ ಕೈ ಸೋತಿತು, ಎಂಜಿನ್ನು ಕಾಲು ಬೇಯಿಸಿತು. ಅವಳ ಭಾರವೆಲ್ಲ ಒಂದೇ ಕಡೆಗಿದ್ದದ್ದರಿಂದ ನಿಂತಾಗಲೆಲ್ಲ ಗಾಡಿ ವಾಲುತ್ತಿತ್ತು. ಗಿಡ್ಡಮ್ಮನ ಬೆನ್ನು ತಿರುಚಿ ಹಿಡಿದುಕೊಂಡಿತು. ಇಳಿದವಳು ಮತ್ತೆ ಹತ್ತಲಿಲ್ಲ, ನಡೆದೇ ಮನೆಗೆ ಹೋದಳು. ಇವನು ಆ ಆನೆಯನ್ನು ಫಸ್ಟ್ ಗೇರಿನಲ್ಲಿ ಅವಳ ಪಕ್ಕಪಕ್ಕವೇ ತಂದ.

ಮನೆ ಬಾಗಿಲಲ್ಲಿ ಅವಳು ಅಂದದ್ದು ಇಷ್ಟೇ: “ಅಕ್ಕಿ ಮೂಟೆಗೆ ಸೊಂಟ ಇಲ್ಲ ಕಣೋ. ನಂಗಿದೆ.”

ಭೂತಯ್ಯ ಬೈಕಿನ ಆಸೆಯನ್ನೇ ಬಿಟ್ಟ. ಸ್ಕೂಟರ್ ನೋಡಿದ. ಅದರ ಸಣ್ಣ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಏಟು ನೇರ ಬೆನ್ನಿಗೇ. ಇನ್ನೂರು, ಇನ್ನೂರೈವತ್ತು ಸಿಸಿಯ ನಡುವಿನ ಅಳತೆಯ ಗಾಡಿಗಳಿವೆ, ಕ್ಲಚ್ ಹಗುರ, ಹ್ಯಾಂಡಲ್ ಎತ್ತರ, ನಿಂತಾಗ ಎರಡೂ ಕಾಲು ನೆಲಕ್ಕೆ ಸಿಗುತ್ತವೆ, ಪೇಟೆಗೆ ಅದೇ ಸುಖ ಅಂತ ವಸೀಮ ಹೇಳುತ್ತಲೇ ಇದ್ದ. ಆದರೆ ಒಂದೇ ಬದಿಗೆ ಕೂತರೆ ಯಾವ ಗಾಡಿಯಾದರೂ ಬೆನ್ನು ತಿರುಚದೆ ಬಿಡುವುದಿಲ್ಲ. ಎರಡೂ ಕಡೆ ಕಾಲು ಹಾಕಿ ಕೂರು ಅಂತ ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಾಲ್ಕು ಜನರ ಮುಂದೆ ಸೀರೆ ಎತ್ತಿ ಕಟ್ಟಿಕೊ ಅಂತ ಹೇಗೆ ಹೇಳುವುದು, ಅಂದ ನನ್ನ ಹತ್ತಿರ.

ಭಾನುವಾರ ಗಿಡ್ಡಮ್ಮ ತಾನಾಗಿಯೇ ಗ್ಯಾರೇಜಿಗೆ ಹೊರಟಳು. ಬಂದದ್ದು ಕೊಯ್ಲಿನ ವೇಷದಲ್ಲಿ. ಗಂಡನ ಹಳೇ ಪ್ಯಾಂಟು, ಅದರ ಮೇಲೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿದ ಸೀರೆ, ಅದರ ಮೇಲೆ ತುಂಬು ತೋಳಿನ ಅಂಗಿ. ಹಣ್ಣು ಕೊಯ್ಯುವ ಹೆಂಗಸರೆಲ್ಲ ತೊಡುವುದು ಹೀಗೇ. ರಕ್ತ ಹೀರುವ ಇಂಬಳ ಹತ್ತದಿರಲಿ, ಗಿಡದ ರೆಂಬೆ ಗೀರದಿರಲಿ ಅಂತ. ಗುಡ್ಡದಲ್ಲಿ ಯಾರೂ ತಿರುಗಿ ನೋಡದ ವೇಷ ಅದು. ಪೇಟೆಯಲ್ಲಿ ನಾಲ್ಕು ಹುಡುಗರು ಕಿಸಕ್ಕೆಂದರು.

ಗ್ಯಾರೇಜಿನ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ವಸೀಮನ ತಾಯಿ ಕರೀಮುನ್ನೀಸಾ ಮಾತ್ರ ನಗಲಿಲ್ಲ. “ನೀನು ಕೂತ್ಕೊಳಮ್ಮ. ನೋಡೋರ ಸೊಂಟ ಅಲ್ಲ ನೋಯೋದು,” ಅಂದರು.

ಗಿಡ್ಡಮ್ಮ ಕಾಲೆತ್ತಿ ಹಾಕಿ, ನೆಟ್ಟಗೆ ಕೂತಳು. ಆಮೇಲೆ ಪರೀಕ್ಷೆ ಅವಳದು, ಓಡಿಸುವ ಚಾಕರಿ ಭೂತಯ್ಯನದು. ಹಂಪು ಹತ್ತಿಸು ಅಂದಳು, ಸಂತೆ ರಸ್ತೆಯ ಗುಂಡಿಗೆ ಬಿಡು ಅಂದಳು, ಜನ ಇರುವ ಕಡೆಯೇ ನಿಲ್ಲಿಸಿ ನಿಲ್ಲಿಸಿ ಹೋಗು ಅಂದಳು. ಮೊದಲು ಹತ್ತಿದ ಇನ್ನೂರು ಸಿಸಿ ಗಾಡಿ ಚಂದವಿತ್ತು, ಆದರೆ ಅದರ ಹಿಂದಿನ ಸೀಟು ಗುಡ್ಡದ ಇಳಿಜಾರು. ಬ್ರೇಕು ಹಾಕಿದಾಗಲೆಲ್ಲ ಜಾರಿ ಗಂಡನ ಬೆನ್ನಿಗೆ ಅಂಟುತ್ತಿದ್ದಳು. “ಈ ವಯಸ್ಸಲ್ಲಿ ಇದು ಬೇಡ,” ಅಂತ ಇಳಿದಳು. ಇನ್ನೊಂದು ಇನ್ನೂರೈವತ್ತರದು, ಬೂದಿ ಬಣ್ಣ. ಸೀಟು ಹಲಗೆಯ ಹಾಗೆ ಸಮ, ಅಗಲ. ಹಿಂದೆ ಹಿಡಿಯಲು ಕಂಬಿ, ಕಾಲಿಡುವ ಜಾಗ ಸರಿಯಾಗಿ ಕಾಲಿನ ಕೆಳಗೇ. ಅದರಲ್ಲಿ ಹೋದವರು ಬೇಗ ವಾಪಸು ಬರಲೇ ಇಲ್ಲ.

ಅವರಿಗೆ ಎಂ.ಜಿ. ರೋಡಿನಲ್ಲಿ ಸಿಕ್ಕಿದ್ದು ಅದೇ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ನಿರಂಜನ. ವರ್ಷವೂ ಇವಳ ಹೆಸರು ಹೊಡೆದವನು. ಗಾಡಿ ಆಟೋಗಳ ನಡುವೆ ನಿಂತಿತ್ತು, ಅವನು ರಸ್ತೆ ದಾಟುತ್ತಿದ್ದ. ವೇಷ ನೋಡಿ ಹಲ್ಲು ಬಿಟ್ಟ.

“ಏನೇ ಗಿಡ್ಡಮ್ಮ, ಪೇಟೆಲೂ ಹಣ್ಣು ಕೊಯ್ಯೋಕೆ ಹೊರಟ್ಯಾ?”

“ಇಲ್ಲ ರೈಟರ್ರೇ, ತಿರುಗೋಕೆ,” ಅಂದಳು ಗಿಡ್ಡಮ್ಮ. “ಈ ಬಟ್ಟೆ ನೋಡಿದ ತಕ್ಷಣ ಗುರ್ತು ಹಿಡಿದ್ರಲ್ಲ. ಎಷ್ಟು ವರ್ಷ ನೋಡಿದೀರಿ, ಕೋರ್ಟಲ್ಲೂ ಅದನ್ನೇ ಹೇಳಿ.”

ಅವನ ಹಲ್ಲು ಒಳಗೆ ಹೋಯಿತು. ಎಸ್ಟೇಟಿನಲ್ಲಿ ಅವನೆದುರು ಚೀಲ ಹೊತ್ತು ಬಗ್ಗಿ ನಿಂತವಳು ಇವಳು. ಈಗ ಕೂತಲ್ಲಿಂದಲೇ ಅವನ ಕಣ್ಣಿಗೆ ಸಮ ಇದ್ದಳು. ಭೂತಯ್ಯ ಇದನ್ನು ನನಗೆ ಹೇಳುವಾಗ ಅವಳ ಮಾತಿಗಿಂತ ಆ ಎತ್ತರವನ್ನೇ ಹೆಚ್ಚು ಹೊಗಳಿದ.

ಗ್ಯಾರೇಜಿಗೆ ಬಂದು ಇಳಿದಳು, ಸೊಂಟ ಮುಟ್ಟಿಕೊಂಡು ನೋಡಿದಳು. ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದೆವು. “ಬಣ್ಣ ದರಿದ್ರ,” ಅಂದಳು. “ಇದೇ ಇರ್ಲಿ.”

ಈಗ ಸಂಜೆ ಕ್ಯೂರಿಂಗ್ ಬಿಟ್ಟ ಮೇಲೆ ಅವರಿಬ್ಬರೂ ಕೋಟೆ ಕೆರೆಯ ದಂಡೆಯಲ್ಲಿ ಸಿಗುತ್ತಾರೆ, ಇಲ್ಲ ರತ್ನಗಿರಿ ಬೋರೆಯ ಗುಡ್ಡದ ಕೆಳಗೆ. ಮೆಲ್ಲಗೆ ಹೋಗುತ್ತಾರೆ, ಯಾರು ಹಾರ್ನ್ ಹೊಡೆದರೂ ಕ್ಯಾರೇ ಅನ್ನುವುದಿಲ್ಲ. ಪ್ಯಾಂಟಿನ ಮೇಲಿನ ಸೀರೆ ಮಾತ್ರ ಈಗ ಒಳ್ಳೆಯದು. ದೋಸೆ ತಿಂದ ಮೇಲೆ ಯಾವ ರಸ್ತೆಗೆ ತಿರುಗಬೇಕು ಅಂತ ಹಿಂದಿನ ಸೀಟಿನಿಂದ ಭುಜ ತಟ್ಟಿ ಹೇಳುವವಳು ಅವಳೇ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಗಾಡಿಯನ್ನು ಆರಿಸಿದ್ದು ಯಾರು? ಹಿಂದೆ ಕೂರುವವಳನ್ನು ಒಂದು ಮಾತು ಕೇಳಿದಿರಾ, ಇಲ್ಲ ಮೂಟೆ ಕಟ್ಟಿ ನೋಡಿದಿರಾ? ಇವತ್ತು ಸಂಜೆ ಅವಳನ್ನು ಕೂರಿಸಿಕೊಂಡು ಪೇಟೆ ಸುತ್ತಿ ಬನ್ನಿ, ಇಳಿದ ಮೇಲೆ ಸೊಂಟ ಹೇಗಿದೆ ಕೇಳಿ. ಅವಳು ಬೇಡ ಅಂದರೆ ಆ ಗಾಡಿ ಮಾರಿ.