ಒಲೆ ತಿರುಗಿಸಿದ ಅವ್ವ

ನಿನ್ನೆ ಮೊಮ್ಮಗಳು ಹನುಮನಹಳ್ಳಿಯ ನಮ್ಮ ಮನೆಗೆ ಪ್ರವಾಸಿಗರನ್ನು ಕರೆತಂದಳು. ಅವಳೀಗ ಗೈಡ್. "ಅಜ್ಜಿ, ನೀ ರೊಟ್ಟಿ ಬಡಿಯೂದು ನೋಡ್ತಾರಂತ" ಎಂದಳು. ಹಿಟ್ಟಿಗೆ ಬಿಸಿನೀರು ಸುರಿದಾಗ ಎದ್ದ ಜೋಳದ ವಾಸನೆ ನನ್ನನ್ನು ಅವ್ವನ ಒಲೆಯ ಮುಂದೆ ಕೂರಿಸಿತು.

ನಮ್ಮಪ್ಪನೂ ಗೈಡ್ ಆಗಿದ್ದ. ಮನೆಯಲ್ಲಿ ಅವನು ಕೆಮ್ಮಿದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಅಂಥವನು ಒಂದು ಮಧ್ಯಾಹ್ನ ಪರದೇಶದ ಗಂಡಹೆಂಡತಿಯ ಹಿಂದೆ ಹಲ್ಲು ಕಿರಿಯುತ್ತ ಅಡುಗೆಮನೆಗೇ ಬಂದ. ಅವ್ವನ ಸೆರಗು ಜಾರಿತ್ತು, ಕೈತುಂಬ ಹಿಟ್ಟಿತ್ತು. ಅವರು ಕ್ಯಾಮೆರಾ ಎತ್ತಿದರು.

"ಮತ್ತೊಂದು ಫೋಟೋ ತಗೀತಾರಂತ. ಇನ್ನೊಮ್ಮೆ ಬಡಿ, ಒಂಚೂರು ನಗು" ಎಂದ ಅಪ್ಪ.

"ಇವರು ಉಣ್ಣಾಕ ಬಂದಾರೇನ್ರಿ, ನನ್ನ ನೋಡಾಕ ಬಂದಾರೇನ್ರಿ?"

"ಹಂಗ ಅನಬ್ಯಾಡ, ದೊಡ್ಡ ಮಂದಿ ಅದಾರ."

ಅವ್ವ ಬಡಿದಳು, ನಗಲಿಲ್ಲ. ಅಪ್ಪನ ಮುಖ ನೋಡಲು ನನಗೆ ನಾಚಿಕೆಯಾಯಿತು. ಮರುದಿನ ಅವ್ವ ಆ ಒಲೆ ಒಡೆದು, ಮಣ್ಣು ಕಲಸಿ, ಗೋಡೆಗೆ ಮುಖ ಮಾಡಿ ಕೂರುವಂತೆ ಬೇರೆ ಒಲೆ ಹಾಕಿದಳು. ಬಾಗಿಲಲ್ಲಿ ನಿಂತವರಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅಪ್ಪ ಅದನ್ನು ನೋಡಿದ. ಮತ್ತೆ ಯಾರನ್ನೂ ಒಳಗೆ ಕರೆತರಲಿಲ್ಲ.

ಮದುವೆಯಾದ ಮೇಲೂ ತವರಿನ ಈ ಮನೆಯಲ್ಲೇ ಉಳಿದ ನಾನು ಆ ಒಲೆಯ ಜಾಗ ಇಂದಿಗೂ ಬದಲಿಸಿಲ್ಲ. ಬಂದವರಿಗೆ ಬೆನ್ನು ಹಾಕಿ ಕೂರುವುದನ್ನು ಸೊಸೆಯಂದಿರಿಗೆ ಗದರಿಸಿ ಕಲಿಸಿದವಳೂ ನಾನೇ. ನಿನ್ನೆ ಮೊಮ್ಮಗಳು, "ಅಜ್ಜಿ, ನಿನ್ನ ಮುಖಾನ ಕಾಣವಲ್ದು" ಎಂದಳು. ನಾನು ಹಿಟ್ಟಿನ ಪರಾತ ಎಳೆದುಕೊಂಡು ಬಾಗಿಲ ಕಡೆ ತಿರುಗಿ ಕೂತೆ. ಪ್ರವಾಸಿಗರು ಕೇಳುವ ಮೊದಲೇ ನಕ್ಕೆ.