ತಿರುಗಿ ಬಂದ ಒಂದು ರೂಪಾಯಿ

ನಮ್ಮ ಕ್ಯಾಶಿಯರ್ ಅಮ್ಮನವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿ ಸವೆದ ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಪಿಂಚಣಿಯವರು ಬದುಕಿದ್ದೇವೆಂದು ತೋರಿಸಲು ವರ್ಷಕ್ಕೊಮ್ಮೆ ಯಂತ್ರದ ಮೇಲೆ ಹೆಬ್ಬೆರಳು ಇಡಬೇಕಲ್ಲ, ಇವರು ಇಟ್ಟರೆ ಕೆಂಪು ದೀಪ ಹತ್ತುತ್ತಿತ್ತು. "ಅಗಬಾಯಿ! ಇದರ ಲೆಕ್ಕದಾಗ ನಾ ಸತ್ತು ಭಾಳ ದಿನ ಆಗ್ಯದ," ಎಂದು ನಗುತ್ತಿದ್ದರು. ಸಾಲಿನಲ್ಲಿ ಹಿಂದೆ ನಿಂತವರು ನಗುತ್ತಿರಲಿಲ್ಲ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ತಂಗಿಯ ಜೊತೆ ಇದ್ದರು. ಮದುವೆ ಆಗಿರಲಿಲ್ಲ. ತಂಗಿಯೊಡನೆ ಮರಾಠಿ, ನಮ್ಮೊಡನೆ ಕನ್ನಡ. ನನ್ನ ಮೊಮ್ಮಗಳು ಅವರ ಬಳಿ ಟ್ಯೂಷನ್‌ಗೆ ಹೋಗುತ್ತಿದ್ದಳು. ನಮಗೆಲ್ಲ ಅವರು ಕ್ಯಾಶಿಯರ್ ಬಾಯಿ.

ನಾನು ಅಲ್ಲೇ ಹತ್ತಿರದ ಕಮಲಾಪುರದವಳು. ಓದಿದ್ದು ನಾಲ್ಕನೇ ಇಯತ್ತೆ. ಹಳೆ ಸೀರೆಗಳನ್ನು ಪದರ ಜೋಡಿಸಿ, ಹೊದೆಯುವ ಕೌದಿ ಹೊಲಿಯುವುದು ಮಾತ್ರ ಗೊತ್ತು. ಮೊಮ್ಮಗಳು ಕೌದಿಗಳ ಫೋಟೋ ಫೋನಿನಲ್ಲಿ ಹಾಕಿದಳು, ದೂರದವರು ಕೇಳತೊಡಗಿದರು. ಒಬ್ಬ ರೊಕ್ಕ ಹಾಕಿದ್ದೇನೆಂದು ಅದರ ಫೋಟೋ ಕಳಿಸಿದ, ನಾನು ಕೌದಿ ಕಳಿಸಿದೆ. ರೊಕ್ಕ ಬರಲೇ ಇಲ್ಲ. ಮೂವರು ಹೆಂಗಸರು ಎರಡು ತಿಂಗಳು ಹೊಲಿದ ಕೌದಿ ಅದು. ಇನ್ನೊಮ್ಮೆ ಹೀಗಾದರೆ ಹೊಲಿಗೆಯೇ ನಿಲ್ಲುತ್ತಿತ್ತು. ಮೊಮ್ಮಗಳು ನನ್ನನ್ನು ಬಾಯಿಯ ಬಳಿ ಕರೆದುಕೊಂಡು ಹೋದಳು.

"ಫೋಟೋ ನೋಡಿ ಮಾಲ್ ಕೊಟ್ಯಾ? ಹಂಗಾದ್ರ ಹೋಳಿಗಿ ಫೋಟೋ ಕಳಸ್ತೀನಿ, ಉಣ್ಣು," ಎಂದರು.

"ಬೈಬ್ಯಾಡ್ರಿ ಬಾಯಿ, ದಾರಿ ಹೇಳ್ರಿ."

"ದಾರಿ ಹೇಳಂಗಿಲ್ಲ. ನಡದು ನೋಡ್ತೀನಿ."

ನಡೆದೇ ನೋಡಿದರು. ಬಿಸಿ ಪಾತ್ರೆ ಹಿಡಿಯುವ ನಮ್ಮ ಕೈಬಟ್ಟೆಯನ್ನು ನಾಲ್ಕು ರೀತಿಯಲ್ಲಿ ರೊಕ್ಕ ಕೊಟ್ಟು ನಾಲ್ಕು ಸಲ ಕೊಂಡರು. ನೇರ ಫೋನಿಗೆ ಕಳಿಸಿದ್ದು ಆ ಕ್ಷಣವೇ ಬಂತು, ಯಾರೂ ಪಾಲು ಹಿಡಿಯಲಿಲ್ಲ, ಆದರೆ ಗುರುತಿಲ್ಲದವರು ಹಾಗೆ ಕಳಿಸಲು ಹೆದರುತ್ತಾರೆ. ದೊಡ್ಡ ಆನ್‌ಲೈನ್ ಅಂಗಡಿಯ ಮೂಲಕ ಕೊಂಡಾಗ ಅಂಗಡಿಯವರು ತಮ್ಮ ಪಾಲು ಹಿಡಿದು, ವಾರದ ಮೇಲೆ ಉಳಿದದ್ದು ಕೊಟ್ಟರು. ಮನೆ ಬಾಗಿಲಲ್ಲಿ ನಗದು ಎಂದಾಗ, ಬಾಯಿ ಬೇಕೆಂದೇ ಬಾಗಿಲು ತೆಗೆಯಲಿಲ್ಲ. ಬಟ್ಟೆ ವಾಪಸ್ ಬಂತು, ಹೋಗಿ ಬಂದ ಖರ್ಚು ನನ್ನ ತಲೆಗೆ. ನಾಲ್ಕನೆಯದು ಕಾರ್ಡಿನ ದಾರಿ. ಹೊರದೇಶದವರಿಗೂ ಆಗುತ್ತದೆ, ಆದರೆ ನಮ್ಮ ಕಾಗದಪತ್ರ ಪಾಸಾಗುವವರೆಗೆ ರೊಕ್ಕ ನಡುವಿನ ಕಂಪನಿಯವರ ಬಳಿಯೇ ನಿಲ್ಲುತ್ತದೆ.

"ಗುರ್ತಿನವರಿಗೆ ನೇರ, ಇಲ್ದವರಿಗೆ ಕಾರ್ಡು," ಎಂದು ತೀರ್ಪು ಕೊಟ್ಟರು. "ಇನ್ನೊಂದ್ ಮಾತು. ಒಂದೋ ಮಾಲ್ ಹೋಗಬೇಕು, ಇಲ್ಲಂದ್ರ ರೊಕ್ಕ ವಾಪಸ್ ಹೋಗಬೇಕು. ಎರಡೂ ನಿನ್ನ ಮನ್ಯಾಗ ಉಳೀಬಾರ್ದು."

ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುತ್ತೇವೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ. ಇದನ್ನು ಕೇಳಿದ ಮೇಲೆ ಬಾಯಿ ಪ್ರತಿ ಪಾರ್ಸೆಲ್‌ಗೂ ಮುಂಚೆ ಫೋನ್ ಮಾಡುತ್ತಿದ್ದರು: "ಹೊಟ್ಟಿ ತುಂಬಿಸಿದ್ಯೇನು?"

ಆಮೇಲೆ ತಮ್ಮ ಮೂರು ಹಳೆ ಸೀರೆ ಕೊಟ್ಟು, ತಂಗಿಗೆಂದು ಒಂದು ಕೌದಿ ಹೊಲಿಯಲು ಹೇಳಿದರು. ಕೂಲಿಯನ್ನು ಕೈಗೇ ಇಟ್ಟರು. ಒಂದು ರೂಪಾಯಿ ಮಾತ್ರ ಕಾರ್ಡಿನ ದಾರಿಗೆ ಹಾಕಿದರು. "ಈ ದಾರಿ ತೆರೀತದಿಲ್ಲೋ ನೋಡೂಣು." ಅದು ನಡುವೆ ನಿಂತಿತು.

ಎಂಟು ದಿನಕ್ಕೆ ಬಾಯಿ ಹೋದರು. ಬೆಳಿಗ್ಗೆ ಚಹಾ ಕುಡಿದು ಕೂತವರು ಏಳಲಿಲ್ಲ.

ಸುದ್ದಿ ಬಂದಾಗ ಅವರ ಕೌದಿ ನನ್ನ ತೊಡೆಯ ಮೇಲಿತ್ತು. ಜೊತೆಯ ಹೆಂಗಸರು ಸೂಜಿ ಕೆಳಗಿಟ್ಟರು. ನಾನು ಜೋಳ ಇಡದೆ ಮೂಲೆ ಹೊಲಿದು, ಟ್ರಂಕಿನಲ್ಲಿ ಹಾಕಿದೆ. ಸತ್ತವರ ಸೀರೆಯ ಕೌದಿ ಯಾರು ಹೊದೆಯುತ್ತಾರೆ, ಅದರ ಹೊಟ್ಟೆ ಯಾಕೆ ತುಂಬಬೇಕು ಎಂದುಕೊಂಡೆ. ತಪ್ಪು ಮಾಡಿದೆ.

ಹದಿಮೂರನೆಯ ದಿನ ಮಟಮಟ ಮಧ್ಯಾಹ್ನ ಫೋನು ಕೂಗಿತು. ಬಂದ ಸಂದೇಶವನ್ನು ತಾನೇ ಓದಿ ಹೇಳುವಂತೆ ಮೊಮ್ಮಗಳು ಅದಕ್ಕೆ ಕಲಿಸಿದ್ದಳು. "ಒಂದು ರೂಪಾಯಿ ಜಮಾ ಆಗಿದೆ." ಜೊತೆಗೆ ಬಾಯಿಯ ಹೆಸರು. ಹೆಂಗಸಿನ ದನಿ, ಉಸಿರಿಲ್ಲದ್ದು.

"ಹೆದರಬ್ಯಾಡ ಅಜ್ಜಿ, ಕಾಗದ ಪಾಸಾಗ್ಯಾವ, ನಿಂತಿದ್ದ ರೊಕ್ಕ ಬಿಟ್ಟಾರ," ಎಂದಳು ಮೊಮ್ಮಗಳು.

ಮಾಲು ಕೊಡದ ರೊಕ್ಕ ಇಟ್ಟುಕೊಳ್ಳಬಾರದು. ಮೊಮ್ಮಗಳ ಕೈಯಿಂದ ಬಾಯಿಯ ಖಾತೆಗೆ ವಾಪಸ್ ಕಳಿಸಿದೆ. ನಾಲ್ಕು ದಿನಕ್ಕೆ ಅದೇ ದನಿ: "ಒಂದು ರೂಪಾಯಿ ಜಮಾ ಆಗಿದೆ." ಮತ್ತೆ ಕಳಿಸಿದೆ. ಮತ್ತೆ ಬಂತು.

"ಖಾತಿ ಮುಚ್ಯಾರ ಅಜ್ಜಿ. ಅಲ್ಲಿ ತಗೊಳ್ಳೋರು ಯಾರೂ ಇಲ್ಲ."

"ಇಲ್ಲ ಅಂದ್ರ ಕೌದಿ ಕೇಳೋರ್ಯಾರು ಮತ್ತ?"

ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆ ಇಲ್ಲ. ಯಾರೂ ಹೊದೆಯದ ಕೌದಿ ಟ್ರಂಕಿನೊಳಗಿಂದಲೇ ನನ್ನ ನಿದ್ದೆ ತಿನ್ನುತ್ತಿತ್ತು. ಮೂರನೆಯ ಸಲ ಬಂದ ಆ ರೂಪಾಯಿಯನ್ನು ನಾನು ವಾಪಸ್ ಕಳಿಸಲಿಲ್ಲ. ಟ್ರಂಕು ತೆಗೆದು, ಮೂಲೆಯ ಹೊಲಿಗೆ ಬಿಚ್ಚಿ, ನಾಲ್ಕು ಕಾಳು ಜೋಳ ಇಟ್ಟೆ. ಮುಚ್ಚಿದೆ. "ತುಂಬಿಸೀನ್ರಿ ಬಾಯಿ," ಎಂದು ಜೋರಾಗಿಯೇ ಹೇಳಿದೆ.

ಮರುದಿನ ಮೊದಲ ಬಸ್ಸಿಗೆ ಜೇವರ್ಗಿ ಕಾಲೋನಿಗೆ ಹೋದೆ. ತಂಗಿ ಕೌದಿಯನ್ನು ಮಂಚದ ಮೇಲೆ ಹಾಸಿ, ಸೀರೆಗಳನ್ನು ಒಂದೊಂದಾಗಿ ಗುರುತು ಹಿಡಿದರು. ಆಮೇಲೆ ಪರ್ಸು ತೆಗೆದರು.

"ಎಷ್ಟು ಕೊಡಬೇಕ್ರಿ?"

"ರೊಕ್ಕ ಮುಟ್ಯದ," ಎಂದೆ. "ಮೂರು ಸಲ ಮುಟ್ಯದ."

ಅಂದಿನಿಂದ ಆ ರೂಪಾಯಿಗಾಗಿ ಫೋನು ಕೂಗಿಲ್ಲ. ನಮ್ಮ ಹೊಲಿಗೆ ನಿಂತಿಲ್ಲ, ಆಮೇಲೆ ಯಾರೂ ಮೋಸ ಮಾಡಿಲ್ಲ. ಅದು ಅವರ ಋಣ. ಮೊನ್ನೆ ಬ್ಯಾಂಕಿನ ಯಂತ್ರ ನನ್ನ ಹೆಬ್ಬೆರಳಿಗೂ ಕೆಂಪು ದೀಪ ತೋರಿಸಿತು. ಸೂಜಿ ಒತ್ತಿ ಒತ್ತಿ ಗೆರೆ ಸವೆದಿವೆ. ಸಾಲಿನಲ್ಲಿ ನಿಂತವರು ನನ್ನ ಮುಖ ನೋಡಿದರು. ನಕ್ಕವಳು ನಾನೊಬ್ಬಳೇ.