ಅತ್ತೆಗೊಂದು ಮಡಚುವ ಮೇಜು

“ವೇಂಡಾಮ್ಮಾ, ಅದು ಬೇಡ. ದೊಡ್ಡದೇ ತಗೊಳ್ಳಿ” ಎನ್ನುತ್ತ, ನಾನು ಆರಿಸಿಟ್ಟಿದ್ದ ಮಡಚುವ ಮೇಜಿನ ಮೇಲೆ ಆ ಅಪರಿಚಿತ ಹೆಂಗಸು ಕೈಯಿಟ್ಟುಬಿಟ್ಟರು. ಸೌಕಾರ್‌ಪೇಟೆಯ ಆ ಅಂಗಡಿಯಲ್ಲಿ ನಾನೂ ಅತ್ತೆಯೂ ಆಡುತ್ತಿದ್ದ ಕನ್ನಡ ಅವರ ಕಿವಿಗೆ ಬಿದ್ದಿತ್ತು.

ಪ್ರತಿ ವರ್ಷ ಕಾರ್ತಿಕ ದೀಪಕ್ಕೆ ನಾವು ಬಂಧುಗಳೆಲ್ಲ ಬಾಡಿಗೆ ಮೆಟಡೋರ್‌ನಲ್ಲಿ ತಿರುವಣ್ಣಾಮಲೈಗೆ ಹೋಗಿ, ಡೇರೆ ಹಾಕಿ, ಅಲ್ಲೇ ಅಡುಗೆ ಮಾಡಿಕೊಂಡು, ನೆಲದ ಮೇಲೆ ಸಾಲಾಗಿ ಕೂತು ಊಟ ಮಾಡುತ್ತಿದ್ದೆವು. ಆ ವರ್ಷ ಅತ್ತೆಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಹೊರಲು ಹಗುರವೆಂದು, ಒಬ್ಬರ ಎಲೆ ಹಿಡಿಸುವಷ್ಟು ಪುಟ್ಟ ಮೇಜನ್ನು ನೋಡಿದ್ದೆ.

“ನಂಗೂ ಮನೇಲಿ ಇಂಥದ್ದೇ ತಂದ್ಕೊಟ್ರು. ಎಲ್ರೂ ಕೆಳಗೆ ನಗ್ತಾ ಊಟ ಮಾಡ್ತಾರೆ, ನಾನೊಬ್ಳೇ ಮೇಲೆ, ಪರೀಕ್ಷೆ ಬರಿಯೋಕೆ ಕೂತ ಹಾಗೆ! ಆಮೇಲೆ ಉತ್ಸವಕ್ಕೆ ಹೋಗೋದೇ ಬಿಟ್ಬಿಟ್ಟೆ” ಎಂದರು ಅವರು.

ಅದುವರೆಗೆ “ನಿಂಗೆ ಸರಿ ಅನ್ನಿಸಿದ್ದು ತಗೋ” ಎನ್ನುತ್ತಿದ್ದ ಅತ್ತೆ, ಮೆಲ್ಲಗೆ ಹೋಗಿ ದೊಡ್ಡ ಮೇಜಿನ ಅಂಚು ಹಿಡಿದು, “ಭಾರ ಆದ್ರೆ ನಾನೂ ಒಂದು ಕಡೆ ಹಿಡ್ಕೋತೀನಿ ಕಣೇ” ಅಂದರು.

ಮೆಟಡೋರ್‌ಗೆ ಕುರ್ಚಿಗಳ ಸಮೇತ ನಾಲ್ವರ ಮೇಜೇ ಏರಿತು. ಮೊದಲ ದಿನ ಅತ್ತೆ ಒಂಟಿಯಾಗಬಾರದೆಂದು ನಾನು ಎದುರಿಗೆ ಕೂತೆ. ಮರುದಿನ ಬಡಿಸಿ ಬರುವಷ್ಟರಲ್ಲಿ ಅತ್ತೆಯ ಪಕ್ಕ ಅವರ ತಂಗಿ, ಎದುರಿಗೆ ಅತ್ತೆಯ ಇಬ್ಬರು ಓರಗಿತ್ತಿಯರು ಕೂತು ಹರಟುತ್ತಿದ್ದರು; ನನಗೆ ಜಾಗವೇ ಇರಲಿಲ್ಲ. ಅಷ್ಟು ವರ್ಷ ಅವರಲ್ಲಿ ಒಬ್ಬರೂ ಮಂಡಿನೋವೆಂದು ಬಾಯಿ ಬಿಟ್ಟಿರಲಿಲ್ಲ.